ಉಸಿರಿನ ಕೊಳವೆ ಅಳವಡಿಸುವ ಹೊತ್ತಿನಲ್ಲಿ ಹೃದಯದ ರಕ್ಷಣೆ

ಶಸ್ತ್ರಚಿಕಿತ್ಸೆಗೆ ಒಳಗಾಗಲಿರುವ ರೋಗಿಯ ಬಂಧುಗಳು ವೈದ್ಯರನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಶಸ್ತ್ರಕ್ರಿಯೆಗೆ ಸಂಬಂಧಿಸಿದವು. ಎಷ್ಟು ಹೊತ್ತು ಬೇಕಾಗುತ್ತದೆ, ಗಾಯ ಎಷ್ಟು ದೊಡ್ಡದು, ಹೊಲಿಗೆ ಯಾವಾಗ ಬಿಚ್ಚುತ್ತಾರೆ, ಮನೆಗೆ ಎಂದು ಕಳುಹಿಸುತ್ತಾರೆ ಎಂದು ಅವರು ವಿಚಾರಿಸುತ್ತಾರೆ. ಇವೆಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಶಸ್ತ್ರವೈದ್ಯರು ತಮ್ಮ ಕೆಲಸವನ್ನು ಆರಂಭಿಸುವ ಮೊದಲೇ ರೋಗಿಯ ಹೃದಯವು ಒಂದು ಕಠಿಣ ಪರೀಕ್ಷೆಯನ್ನು ದಾಟಿರುತ್ತದೆ. ಅರಿವು ತಪ್ಪಿಸಿದ ಬಳಿಕ ಶ್ವಾಸನಾಳದೊಳಕ್ಕೆ ಉಸಿರಾಟದ ಕೊಳವೆಯನ್ನು ಅಳವಡಿಸುವ ಆ ಅರ್ಧ ನಿಮಿಷವೇ ಆ ಪರೀಕ್ಷೆ. ಆ ಹೊತ್ತಿನಲ್ಲಿ ರಕ್ತದೊತ್ತಡ ಮತ್ತು ಹೃದಯಬಡಿತಗಳನ್ನು ಹದದಲ್ಲಿ ಹಿಡಿದಿಡುವುದು ಅರಿವಳಿಕೆ ವೈದ್ಯರಾದ ನಮ್ಮ ಮುಖ್ಯ ಕರ್ತವ್ಯಗಳಲ್ಲೊಂದು. ಅದಕ್ಕಾಗಿ ನಾವು ಯಾವ ಔಷಧಗಳನ್ನು ಬಳಸುತ್ತೇವೆ, ಅವು ಹೇಗೆ ಕೆಲಸ ಮಾಡುತ್ತವೆ, ಆ ಕಾರ್ಯದಲ್ಲಿ ರೋಗಿಯ ಮನೆಯವರ ಪಾಲೇನು ಎಂಬುದನ್ನು ಈ ಲೇಖನದಲ್ಲಿ ಸದ್ಭಕ್ತರ ಮುಂದೆ ಇಡಬಯಸುತ್ತೇವೆ.

ಕೊಳವೆ ಏಕೆ ಬೇಕು?

ಪೂರ್ಣ ಅರಿವಳಿಕೆಯಲ್ಲಿ ರೋಗಿಗೆ ನಿದ್ರೆ ತರಿಸುವ ಔಷಧದ ಜೊತೆಗೆ ಬಹಳಷ್ಟು ಬಾರಿ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧವನ್ನೂ ಕೊಡಲಾಗುತ್ತದೆ. ಆಗ ಎದೆಯ ಸ್ನಾಯುಗಳೂ ವಪೆಯೂ ಕೆಲಸ ನಿಲ್ಲಿಸುವುದರಿಂದ ಉಸಿರಾಟವನ್ನು ಯಂತ್ರದ ಮೂಲಕ ನಡೆಸಬೇಕಾಗುತ್ತದೆ. ಹೊಟ್ಟೆಯಲ್ಲಿರುವ ಆಹಾರ ಅಥವಾ ಆಮ್ಲರಸ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದೂ ಅಗತ್ಯ. ಈ ಎರಡು ಉದ್ದೇಶಗಳಿಗಾಗಿ ಬಾಯಿಯ ಮೂಲಕ, ಕೆಲವೊಮ್ಮೆ ಮೂಗಿನ ಮೂಲಕ, ಧ್ವನಿತಂತುಗಳ ನಡುವೆ ಹಾಯಿಸಿ ಶ್ವಾಸನಾಳದಲ್ಲಿ ಒಂದು ಮೆದುವಾದ ಕೊಳವೆಯನ್ನು ಇಡುತ್ತೇವೆ. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಅಳವಡಿಸುವಾಗಲೂ ಮೊದಲು ನಡೆಯುವುದು ಇದೇ ಕ್ರಿಯೆ. ಇದನ್ನು ಇಂಟ್ಯುಬೇಶನ್ ಎಂದು ಕರೆಯುತ್ತಾರೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ವಿಲಿಯಂ ಮೆಕ್ಯೂಯನ್ ಅವರು 1878ರಲ್ಲಿ ಶಸ್ತ್ರಚಿಕಿತ್ಸೆಯ ಅರಿವಳಿಕೆಗಾಗಿ ಬಾಯಿಯ ಮೂಲಕ ಕೊಳವೆ ಅಳವಡಿಸಿದಾಗ ರೋಗಿ ಎಚ್ಚರವಾಗಿಯೇ ಇದ್ದ; ವೈದ್ಯರ ಬೆರಳುಗಳೇ ಕೊಳವೆಗೆ ದಾರಿ ತೋರಿದವು. 1943ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಮೆಕಿಂಟಾಷ್ ಅವರು ರೂಪಿಸಿದ ಬಾಗಿದ ಅಲಗಿನ ಲ್ಯಾರಿಂಗೋಸ್ಕೋಪ್ ಇಂದಿಗೂ ಲೋಕದ ಎಲ್ಲೆಡೆ ಬಳಕೆಯಲ್ಲಿದೆ. ನಾಲಗೆಯನ್ನು ಬದಿಗೆ ಸರಿಸಿ, ಗಂಟಲಿನ ಬುಡವನ್ನು ಮೇಲೆತ್ತಿ, ಧ್ವನಿಪೆಟ್ಟಿಗೆಯನ್ನು ಕಣ್ಣಿಗೆ ಕಾಣಿಸುವ ದೀಪದ ಸಾಧನವದು.

ಗಂಟಲಿಗೆ ತಾಗಿದ್ದು ಹೃದಯಕ್ಕೆ ಮುಟ್ಟುವ ಬಗೆ

ಗಂಟಲು ಮತ್ತು ಧ್ವನಿಪೆಟ್ಟಿಗೆಗಳು ದೇಹದ ಅತಿ ಸೂಕ್ಷ್ಮ ತಾಣಗಳು. ಒಂದು ಅನ್ನದ ಅಗುಳು ತಪ್ಪು ದಾರಿಗೆ ಹೋದರೂ ನಾವು ಕೆಮ್ಮಿ ಕಂಗಾಲಾಗುತ್ತೇವೆ. ಉಸಿರಿನ ದಾರಿಯನ್ನು ಕಾಯಲು ಪ್ರಕೃತಿ ಮಾಡಿರುವ ಏರ್ಪಾಡು ಅಷ್ಟು ಚುರುಕಾಗಿದೆ. ಲ್ಯಾರಿಂಗೋಸ್ಕೋಪಿನ ಅಲಗು ಅಲ್ಲಿಗೆ ಒತ್ತಿದ ಕೂಡಲೇ ನರಗಳು ಮೆದುಳಿನ ಕಾಂಡಕ್ಕೆ ಸುದ್ದಿ ಮುಟ್ಟಿಸುತ್ತವೆ. ರೋಗಿಗೆ ಅರಿವಿಲ್ಲದಿದ್ದರೂ ದೇಹಕ್ಕೆ ಅರಿವಿರುತ್ತದೆ. ಅಪಾಯ ಎದುರಾದಾಗ ಎಚ್ಚರಗೊಳ್ಳುವ ನರಮಂಡಲ ಕೆರಳಿ, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತವೆ. ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯ ವೇಗವಾಗಿ ಬಡಿಯುತ್ತದೆ. ಈ ಏರಿಕೆ ಕೆಲವೇ ಸೆಕೆಂಡುಗಳಲ್ಲಿ ಆರಂಭವಾಗಿ, ಒಂದೆರಡು ನಿಮಿಷಗಳಲ್ಲಿ ತುದಿ ಮುಟ್ಟಿ, ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷಗಳೊಳಗೆ ಇಳಿಯುತ್ತದೆ. ತಡೆಯುವ ಉಪಾಯ ಮಾಡದಿದ್ದರೆ 120 ಇದ್ದ ಮೇಲಿನ ರಕ್ತದೊತ್ತಡ 160ನ್ನೂ ದಾಟಬಹುದು. ಚಿಕ್ಕ ಮಕ್ಕಳಲ್ಲಿ ಇದಕ್ಕೆ ವಿರುದ್ಧವಾಗಿ ಹೃದಯಬಡಿತ ನಿಧಾನವಾಗುವುದೂ ಉಂಟು.

ಗಂಟಲಿನ ಪ್ರಚೋದನೆಗೂ ಹೃದಯಕ್ಕೂ ಇರುವ ಈ ನಂಟನ್ನು 1940ರಲ್ಲಿ ರೀಡ್ ಮತ್ತು ಬ್ರೇಸ್ ಎಂಬ ವೈದ್ಯರು ವಿವರಿಸಿದರು. 1951ರಲ್ಲಿ ಕಿಂಗ್ ಮತ್ತು ಅವರ ಸಂಗಡಿಗರು ಅರಿವಳಿಕೆಯಲ್ಲಿದ್ದ ರೋಗಿಗಳಲ್ಲಿ ಅದನ್ನು ಅಳೆದು ತೋರಿಸಿದರು.

ಗಟ್ಟಿಮುಟ್ಟಾದ ಯುವಕನ ಹೃದಯ ಈ ಏರಿಳಿತವನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಎಲ್ಲರ ಹೃದಯಗಳೂ ಹಾಗಲ್ಲ. ಹೃದಯದ ಎಡಕೋಣೆಯ ಸ್ನಾಯುವಿಗೆ ರಕ್ತ ಬಹುಪಾಲು ದೊರೆಯುವುದು ಎರಡು ಬಡಿತಗಳ ನಡುವಣ ವಿರಾಮದಲ್ಲಿ. ಬಡಿತ ಹೆಚ್ಚಿದಷ್ಟೂ ಆ ವಿರಾಮ ಮೊಟಕಾಗುತ್ತದೆ. ದುಡಿಮೆ ಹೆಚ್ಚಿ ಉಣಿಸು ಕಡಿಮೆಯಾದ ಸ್ಥಿತಿಯದು. ಹೃದಯದ ರಕ್ತನಾಳಗಳು ಈಗಾಗಲೇ ಕಿರಿದಾಗಿರುವವರಿಗೆ ಅಷ್ಟರಿಂದಲೇ ಹೃದಯದ ಸ್ನಾಯುವಿಗೆ ರಕ್ತದ ಕೊರತೆ ಉಂಟಾಗಬಹುದು. ಮೆದುಳಿನ ರಕ್ತನಾಳ ಉಬ್ಬಿಕೊಂಡಿರುವವರಲ್ಲಿ ಅದು ಒಡೆಯುವ ಭಯವಿದೆ. ತಲೆಗೆ ಪೆಟ್ಟಾದವರಲ್ಲಿ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಬಹುದು. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ತೀವ್ರವಾಗಿ ಏರಿದ ತಾಯಂದಿರಿಗೆ ಪೂರ್ಣ ಅರಿವಳಿಕೆಯಲ್ಲಿ ಹೆರಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ, ಕೊಳವೆ ಹಾಕುವ ಆ ಗಳಿಗೆಯಲ್ಲಿ ಮೆದುಳಿನ ರಕ್ತಸ್ರಾವವಾಗದಂತೆ ಕಾಯುವುದೇ ದೊಡ್ಡ ಹೊಣೆ.

ಏರುವ ಒತ್ತಡಕ್ಕೆ ಕಡಿವಾಣ

ಔಷಧಗಳ ಮಾತಿಗೆ ಮುನ್ನ ಕೈಚಳಕದ ಮಾತನ್ನು ಹೇಳಬೇಕು. ಅಲಗು ಗಂಟಲಿನಲ್ಲಿ ಇರುವ ಕಾಲ ಹೆಚ್ಚಿದಷ್ಟೂ ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ 15 ಸೆಕೆಂಡುಗಳೊಳಗೆ ಈ ಕೆಲಸ ಮುಗಿಯಬೇಕೆಂಬುದು ನಾವು ಕಲಿತ ಪಾಠ. ಅರಿವಳಿಕೆ ಸಾಕಷ್ಟು ಆಳವಾದ ಮೇಲೆಯೇ ಅಲಗನ್ನು ಬಾಯಿಗೆ ಇಡಬೇಕೆಂಬುದು ಎರಡನೆಯ ಪಾಠ.

ಇನ್ನು ಔಷಧಗಳಲ್ಲಿ ಮೊದಲ ಸ್ಥಾನ ಫೆಂಟಾನಿಲ್‌ನಂಥ ಪ್ರಬಲ ನೋವುನಿವಾರಕಗಳಿಗೆ ಸಲ್ಲುತ್ತದೆ. ಬೆಲ್ಜಿಯಂ ದೇಶದ ಪಾಲ್ ಯಾನ್ಸೆನ್ ಅವರು 1960ರಲ್ಲಿ ತಯಾರಿಸಿದ ಈ ಔಷಧ ಗಂಟಲಿನಿಂದ ಹೊರಟ ನೋವಿನ ಸುದ್ದಿಯ ಕಾವನ್ನು ನರಮಂಡಲದಲ್ಲಿಯೇ ತಗ್ಗಿಸುತ್ತದೆ. ಅದು ಪೂರ್ಣವಾಗಿ ಪರಿಣಾಮ ಬೀರಲು ಕೆಲವು ನಿಮಿಷಗಳು ಬೇಕಾಗುವುದರಿಂದ ಕೊಳವೆ ಹಾಕುವುದಕ್ಕಿಂತ ಮೂರರಿಂದ ಐದು ನಿಮಿಷ ಮೊದಲು ಅದನ್ನು ಕೊಡುತ್ತೇವೆ. ಇದು ಉಸಿರಾಟವನ್ನು ಕುಗ್ಗಿಸುವ ಗುಣವನ್ನೂ ಹೊಂದಿರುವುದರಿಂದ ಆ ಹೊತ್ತಿನಲ್ಲಿ ರೋಗಿಯ ಬಳಿಯಿಂದ ಯಾರೂ ಕದಲುವುದಿಲ್ಲ.

ಎರಡನೆಯದು ಲಿಡೋಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ ಈ ಔಷಧ ಹಲ್ಲು ಕೀಳಿಸಿಕೊಂಡವರಿಗೆಲ್ಲ ಪರಿಚಿತ. ವಸಡಿಗೆ ಚುಚ್ಚಿ ಜೋಮು ಹಿಡಿಸುವುದು ಸಾಮಾನ್ಯವಾಗಿ ಇದೇ. ಇದನ್ನು ರಕ್ತನಾಳದ ಮೂಲಕ ಕೊಡಬಹುದು, ಧ್ವನಿತಂತುಗಳ ಮೇಲೆ ನೇರವಾಗಿ ಸಿಂಪಡಿಸಲೂಬಹುದು. ಇದರಿಂದ ಕೆಮ್ಮು ಕಡಿಮೆಯಾಗುತ್ತದೆ. ಆದರೆ ರಕ್ತದೊತ್ತಡವನ್ನು ತಡೆಯುವುದರಲ್ಲಿ ಇದರ ಫಲ ಎಲ್ಲ ಅಧ್ಯಯನಗಳಲ್ಲೂ ಒಂದೇ ತೆರನಾಗಿ ಕಂಡುಬಂದಿಲ್ಲ.

ಮೂರನೆಯ ಗುಂಪು ಬೀಟಾ ತಡೆಯುವ ಔಷಧಗಳದು. ಅಡ್ರಿನಲಿನ್ ಹೃದಯದ ಬಾಗಿಲು ತಟ್ಟಿದರೂ ಬಾಗಿಲು ತೆರೆಯದಂತೆ ಇವು ಮಾಡುತ್ತವೆ. ಈ ತತ್ತ್ವದಿಂದ ಪ್ರೊಪ್ರನೊಲೋಲ್ ಔಷಧವನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ದೊರೆಯಿತು. ಈ ಗುಂಪಿನಲ್ಲಿ ಕೊಳವೆ ಹಾಕುವ ಹೊತ್ತಿಗೆ ಹೇಳಿ ಮಾಡಿಸಿದಂತಿರುವುದು ಎಸ್ಮೊಲೋಲ್. ಒಂದೆರಡು ನಿಮಿಷಗಳಲ್ಲಿ ಇದರ ಪರಿಣಾಮ ಕಾಣಿಸಿಕೊಳ್ಳುತ್ತದೆ. ಕೆಂಪು ರಕ್ತಕಣಗಳಲ್ಲಿರುವ ಕಿಣ್ವಗಳೇ ಇದನ್ನು ಒಡೆದುಹಾಕುವುದರಿಂದ ಸುಮಾರು 9 ನಿಮಿಷಗಳಲ್ಲಿ ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಬಂದ ಬಿರುಗಾಳಿ ಐದು ಹತ್ತು ನಿಮಿಷಗಳದ್ದು. ಔಷಧವೂ ಅಷ್ಟೇ ಹೊತ್ತು ನಿಂತು ಹೋಗುತ್ತದೆ. ಆದರೂ ಉಬ್ಬಸ ಇರುವವರಿಗೆ, ಮೊದಲೇ ಹೃದಯಬಡಿತ ಬಹಳ ನಿಧಾನವಾಗಿರುವವರಿಗೆ ಈ ಗುಂಪಿನ ಔಷಧಗಳನ್ನು ಕೊಡುವ ಮುನ್ನ ಎರಡು ಬಾರಿ ಯೋಚಿಸುತ್ತೇವೆ.

ಇತ್ತೀಚಿನ ವರ್ಷಗಳಲ್ಲಿ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಔಷಧದ ಬಳಕೆ ಹೆಚ್ಚಿದೆ. ಇದನ್ನು ಸುಮಾರು ಹತ್ತು ನಿಮಿಷಗಳ ಕಾಲ ನಿಧಾನವಾಗಿ ಹರಿಸಿದರೆ ಮೆದುಳಿನಿಂದ ಹೊರಡುವ ಉದ್ರೇಕವೇ ತಗ್ಗುತ್ತದೆ. ಹೃದಯಬಡಿತ ಅತಿಯಾಗಿ ನಿಧಾನವಾಗುವುದು ಇದರ ದೋಷ. ಎದೆನೋವಿಗೆ ನಾಲಗೆಯಡಿ ಇಟ್ಟುಕೊಳ್ಳುವ ಮಾತ್ರೆಗಳ ಕುಲಕ್ಕೆ ಸೇರಿದ ನೈಟ್ರೋಗ್ಲಿಸರಿನ್ ಸಹ ಒತ್ತಡವನ್ನು ಬೇಗ ಇಳಿಸುತ್ತದೆ; ಆದರೆ ಬಡಿತವನ್ನು ಏರಿಸಬಹುದು. ಎಲ್ಲ ಗುಣಗಳೂ ಕೂಡಿದ, ಯಾವ ದೋಷವೂ ಇಲ್ಲದ ಔಷಧ ಇವುಗಳಲ್ಲಿ ಒಂದೂ ಇಲ್ಲ. ರೋಗಿಯನ್ನು ಅರಿತು ಔಷಧವನ್ನು ಆರಿಸಬೇಕಾಗುತ್ತದೆ.

ಕುಸಿಯುವ ಒತ್ತಡಕ್ಕೆ ಆಸರೆ

ಇಲ್ಲಿಯವರೆಗೆ ಹೇಳಿದ್ದು ಏರುವ ಒತ್ತಡದ ಮಾತು. ತುರ್ತಾಗಿ ಆಸ್ಪತ್ರೆಗೆ ತಂದ ರೋಗಿಗಳಲ್ಲಿ, ತೀವ್ರ ನಿಗಾ ಘಟಕದಲ್ಲಿರುವವರಲ್ಲಿ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಸೋಂಕು ರಕ್ತಕ್ಕೆ ಹರಡಿರುವ, ರಕ್ತ ಕಳೆದುಕೊಂಡಿರುವ, ವಾಂತಿಭೇದಿಯಿಂದ ಬತ್ತಿಹೋಗಿರುವ ರೋಗಿಯ ದೇಹವು ನರಮಂಡಲದ ಉದ್ರೇಕದ ಬಲದಿಂದಲೇ ರಕ್ತದೊತ್ತಡವನ್ನು ಹೇಗೋ ಎತ್ತಿಹಿಡಿದಿರುತ್ತದೆ. ನಿದ್ರೆಯ ಔಷಧ ಕೊಟ್ಟ ಕ್ಷಣ ಆ ಆಸರೆ ತಪ್ಪುತ್ತದೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫೋಲ್ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ಯಂತ್ರವು ಎದೆಯೊಳಗೆ ಗಾಳಿಯನ್ನು ತಳ್ಳಲಾರಂಭಿಸಿದಾಗ ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ಹೀಗೆ ಒತ್ತಡ ದಿಢೀರನೆ ಕುಸಿಯುತ್ತದೆ.

ಇದು ಎಷ್ಟು ಸಾಮಾನ್ಯವೆಂಬುದಕ್ಕೆ 2021ರಲ್ಲಿ ಪ್ರಕಟವಾದ, 29 ದೇಶಗಳ 2964 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು ಸಾಕ್ಷಿ. ತೀವ್ರ ಅಸ್ವಸ್ಥರಾಗಿ ಕೊಳವೆ ಹಾಕಿಸಿಕೊಂಡವರಲ್ಲಿ ಶೇಕಡಾ 42.6 ಮಂದಿಯಲ್ಲಿ ರಕ್ತಸಂಚಾರದ ಅಸ್ಥಿರತೆ ಕಾಣಿಸಿಕೊಂಡಿತು. ಶೇಕಡಾ 3.1 ಮಂದಿಯಲ್ಲಿ ಹೃದಯವೇ ನಿಂತಿತು. ಆದುದರಿಂದ ಇಂಥವರಿಗೆ ನಿದ್ರೆ ತರಿಸಲು ಒತ್ತಡವನ್ನು ಅಷ್ಟಾಗಿ ಇಳಿಸದ ಎಟೊಮಿಡೇಟ್ ಅಥವಾ ಕೆಟಮಿನ್ ಔಷಧವನ್ನು ಆರಿಸಿಕೊಳ್ಳುವುದು ವಾಡಿಕೆ. ರಕ್ತನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಅಥವಾ ಫಿನೈಲೆಫ್ರಿನ್, ಹೃದಯಕ್ಕೂ ಚೈತನ್ಯ ಕೊಡುವ ಎಫಿಡ್ರಿನ್ ಅಥವಾ ಮೆಫೆಂಟರ್ಮಿನ್, ಬಡಿತ ನಿಧಾನವಾದರೆ ಏರಿಸುವ ಅಟ್ರೊಪಿನ್ ಇವೆಲ್ಲ ಮೊದಲೇ ಸಿರಿಂಜಿನಲ್ಲಿ ತುಂಬಿ, ಹೆಸರು ಬರೆದು, ಕೈಗೆಟಕುವಂತೆ ಸಿದ್ಧವಾಗಿರಬೇಕು. ಮೊದಲು ಎಲ್ಲರಿಗೂ ಸಲೈನ್ ಹರಿಸಿದರೆ ಸಾಕೆಂಬ ಊಹೆಯೂ ಪರೀಕ್ಷೆಗೆ ಒಳಗಾಯಿತು. 2022ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನದಲ್ಲಿ, ಕೊಳವೆ ಹಾಕುವ ವೇಳೆಯಲ್ಲಿ 500 ಮಿಲಿಲೀಟರ್ ದ್ರವ ಕೊಟ್ಟುದರಿಂದ ಕುಸಿತವೇನೂ ಕಡಿಮೆಯಾಗಲಿಲ್ಲ. ನಿಜವಾಗಿ ದ್ರವದ ಕೊರತೆ ಇರುವವರಿಗೆ ಅದು ಬೇಕು. ಎಲ್ಲರಿಗೂ ಒಂದೇ ಸೂತ್ರ ಹೊಂದುವುದಿಲ್ಲ.

ಸರ್ಪಗಂಧ ಕಲಿಸಿದ ಪಾಠ

ರೋಗಿ ಮನೆಯಲ್ಲಿ ನಿತ್ಯವೂ ನುಂಗುವ ಮಾತ್ರೆಗೂ ಈ ಅರ್ಧ ನಿಮಿಷಕ್ಕೂ ಇರುವ ಸಂಬಂಧವನ್ನು ವೈದ್ಯಲೋಕ ಕಲಿತದ್ದು ನಮ್ಮ ನೆಲದ ಒಂದು ಮೂಲಿಕೆಯಿಂದ ಎಂಬುದು ಗಮನಾರ್ಹ. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುವುದನ್ನು ವರದಿ ಮಾಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಬೇಗನೆ ಅದು ಲೋಕದಾದ್ಯಂತ ಹರಡಿತು.

ರಿಸರ್ಪಿನ್ ನರಗಳ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಸಂಗ್ರಹವನ್ನು ಬರಿದು ಮಾಡುತ್ತದೆ. ಎಫಿಡ್ರಿನ್‌ನಂಥ ಔಷಧಗಳು ಆ ಸಂಗ್ರಹವನ್ನು ಹೊರಹೊಮ್ಮಿಸಿಯೇ ಒತ್ತಡವನ್ನು ಏರಿಸುತ್ತವೆ. ಕಣಜವೇ ಖಾಲಿಯಾಗಿದ್ದರೆ ಕೀಲಿ ಇದ್ದು ಪ್ರಯೋಜನವೇನು? ಅರಿವಳಿಕೆಯಲ್ಲಿ ಅಂಥವರ ಒತ್ತಡ ಕುಸಿದು, ಎತ್ತುವುದು ಕಷ್ಟವಾದ ಪ್ರಕರಣಗಳು 1950ರ ದಶಕದಲ್ಲಿ ವರದಿಯಾದವು. ಹೆದರಿದ ವೈದ್ಯರು ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ರಕ್ತದೊತ್ತಡದ ಔಷಧವನ್ನು ನಿಲ್ಲಿಸುವಂತೆ ಹೇಳತೊಡಗಿದರು.

ಆ ಎಚ್ಚರಿಕೆಯಲ್ಲಿಯೇ ಬೇರೊಂದು ಅಪಾಯ ಅಡಗಿತ್ತು. 1971ರಲ್ಲಿ ಆಕ್ಸ್‌ಫರ್ಡಿನ ಪ್ರಿಸ್-ರಾಬರ್ಟ್ಸ್ ಮತ್ತು ಸಂಗಡಿಗರು ರಕ್ತದೊತ್ತಡದ ರೋಗಿಗಳಲ್ಲಿ ನಡೆಸಿದ ಅಧ್ಯಯನಗಳು, ಒತ್ತಡ ಹತೋಟಿಯಲ್ಲಿಲ್ಲದವರಲ್ಲಿ ಅರಿವಳಿಕೆಯ ಆರಂಭದ ಕುಸಿತವೂ ಕೊಳವೆ ಹಾಕುವಾಗಿನ ಏರಿಕೆಯೂ ತೀವ್ರವಾಗಿರುತ್ತವೆ ಎಂಬುದನ್ನು ಮನಗಾಣಿಸಿದವು. ಔಷಧವನ್ನು ನಿಲ್ಲಿಸುವುದಕ್ಕಿಂತ ಮುಂದುವರಿಸುವುದೇ ಲೇಸು ಎಂಬ ಅಭಿಪ್ರಾಯ ಅಲ್ಲಿಂದ ಬಲಗೊಂಡಿತು.

ಇದರ ಇನ್ನೊಂದು ಮುಖವನ್ನು 2008ರ ಅಧ್ಯಯನವೊಂದು ತೋರಿಸಿತು. 23 ದೇಶಗಳ 8351 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಶಸ್ತ್ರಚಿಕಿತ್ಸೆಯ ದಿನವೇ ಮೆಟೊಪ್ರೊಲೋಲ್ ಔಷಧವನ್ನು ಹೊಸದಾಗಿ ಆರಂಭಿಸಲಾಯಿತು. ಆ ಪಂಗಡದಲ್ಲಿ ಹೃದಯಾಘಾತಗಳು ಕಡಿಮೆಯಾದವು. ಆದರೆ ಪಾರ್ಶ್ವವಾಯು ಮತ್ತು ಸಾವುಗಳು ಹೆಚ್ಚಿದವು. ಬಹುಕಾಲದಿಂದ ಸೇವಿಸುತ್ತಿರುವುದನ್ನು ಥಟ್ಟನೆ ಬಿಡುವುದೂ, ಎಂದೂ ಸೇವಿಸದಿದ್ದುದನ್ನು ಆತುರದಿಂದ ಹಿಡಿಯುವುದೂ ಹಿತವಲ್ಲ ಎಂಬುದು ಇದರ ಸಾರ.

ಮನೆಯವರು ಮಾಡಬೇಕಾದುದು

ನಮ್ಮ ಸೀಮೆಯಲ್ಲಿ ಇಂದಿಗೂ ಬಹಳ ಮಂದಿ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಎಲ್ಲ ಮಾತ್ರೆಗಳನ್ನೂ ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಹೊಟ್ಟೆ ಖಾಲಿ ಇರಬೇಕೆಂದು ಹೇಳಿದ್ದನ್ನು ಮಾತ್ರೆಗೂ ಅನ್ವಯಿಸುತ್ತಾರೆ. ಕೆಲವರು ಮಾತ್ರೆಯ ಸಂಗತಿಯನ್ನೇ ಹೇಳುವುದಿಲ್ಲ. ಹೇಳಿದರೆ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದೀತೆಂಬ ಅಂಜಿಕೆ ಅವರದು. ಹಾಗಾಗಿ ಕೆಳಗಿನ ಸಂಗತಿಗಳನ್ನು ಸದ್ಭಕ್ತರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

1. ಮೆಟೊಪ್ರೊಲೋಲ್, ಅಟೆನೊಲೋಲ್ ಮುಂತಾದ ಬೀಟಾ ತಡೆಯುವ ಮಾತ್ರೆಗಳನ್ನು ನಿತ್ಯವೂ ಸೇವಿಸುವವರು ಅವನ್ನು ತಾವಾಗಿ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಹೃದಯಬಡಿತ ಮತ್ತು ಒತ್ತಡ ಪುಟಿದೇಳುತ್ತವೆ. ಕ್ಲೊನಿಡಿನ್ ಸೇವಿಸುವವರಿಗೂ ಇದೇ ಮಾತು. ಆಮ್ಲೋಡಿಪಿನ್ ಮಾತ್ರೆಯನ್ನೂ ಸಾಮಾನ್ಯವಾಗಿ ಮುಂದುವರಿಸಲು ಹೇಳುತ್ತೇವೆ. ವೈದ್ಯರು ಹೇಳಿದ್ದರೆ, ಆ ದಿನ ಬೆಳಿಗ್ಗೆ ಒಂದು ಗುಟುಕು ನೀರಿನೊಂದಿಗೆ ಇವನ್ನು ನುಂಗಬಹುದು. ಅದರಿಂದ ಉಪವಾಸದ ನಿಯಮ ಕೆಡುವುದಿಲ್ಲ.

2. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಪ್ರಿಲ್, ರಾಮಿಪ್ರಿಲ್ ಬಗೆಯ ಮಾತ್ರೆಗಳನ್ನು 24 ಗಂಟೆ ಮೊದಲು ನಿಲ್ಲಿಸಲು ಅನೇಕ ವೈದ್ಯರು ಹೇಳುತ್ತಾರೆ. ಅರಿವಳಿಕೆಯಲ್ಲಿ ಒತ್ತಡ ಅತಿಯಾಗಿ ಇಳಿಯದಿರಲೆಂದು ಈ ಎಚ್ಚರಿಕೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಆ ಬೆಳಿಗ್ಗೆ ಬಿಡುವುದು ರೂಢಿ. ಆದರೆ ನಿರ್ಧಾರ ವೈದ್ಯರದ್ದಾಗಿರಲಿ. ಇಂದು ಎರಡು ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುತ್ತಾರೆ. ಅದರಲ್ಲಿ ಮುಂದುವರಿಸಬೇಕಾದುದೂ ನಿಲ್ಲಿಸಬೇಕಾದುದೂ ಒಟ್ಟಿಗೇ ಇರಬಹುದು. "ಬಿಳಿ ಮಾತ್ರೆ, ಚಿಕ್ಕದು" ಎಂದು ವರ್ಣಿಸುವ ಬದಲು ಮಾತ್ರೆಯ ಪಟ್ಟಿಯನ್ನೇ ತಂದು ತೋರಿಸುವುದು ಉತ್ತಮ.

3. ನಾಟಿ ಮದ್ದು, ಆಯುರ್ವೇದದ ಗುಳಿಗೆ, ಕಷಾಯ ಯಾವುದೇ ಇರಲಿ, ಸಂಕೋಚವಿಲ್ಲದೆ ತಿಳಿಸಬೇಕು. ಸರ್ಪಗಂಧ ಬೆರೆತ ಗುಳಿಗೆಗಳು ಇಂದಿಗೂ ದೊರೆಯುತ್ತವೆ. ಅದನ್ನು ಸೇವಿಸುವವರೆಂದು ಗೊತ್ತಿದ್ದರೆ ನಾವು ಬೇರೆ ಔಷಧವನ್ನು ಸಿದ್ಧವಾಗಿಟ್ಟುಕೊಳ್ಳುತ್ತೇವೆ. ಯಾರನ್ನೂ ಗದರಿಸುವ ಸಲುವಾಗಿ ನಾವು ಇದನ್ನು ಕೇಳುವುದಿಲ್ಲ.

4. ಗುಟ್ಕಾ, ತಂಬಾಕು, ಅಡಿಕೆ ಜಗಿಯುವವರ ಬಾಯಿ ಬರಬರುತ್ತ ಬಿಗಿದು, ಎರಡು ಬೆರಳೂ ಹಿಡಿಸದಂತಾಗಬಹುದು. ಬಾಯಿ ತೆರೆಯದಿದ್ದರೆ ಕೊಳವೆ ಹಾಕುವ ಕೆಲಸ ದೀರ್ಘವಾಗುತ್ತದೆ, ಹೃದಯದ ಮೇಲಿನ ಹೊರೆಯೂ ಹೆಚ್ಚುತ್ತದೆ. ಇದನ್ನು ಮೊದಲೇ ತೋರಿಸಿದರೆ ಎಚ್ಚರವಾಗಿದ್ದಾಗಲೇ ಗಂಟಲನ್ನು ಮರಗಟ್ಟಿಸಿ, ಕ್ಯಾಮೆರಾ ಇರುವ ತೆಳುವಾದ ನಳಿಕೆಯ ನೆರವಿನಿಂದ ಕೊಳವೆ ಹಾಕುವ ವ್ಯವಸ್ಥೆ ಮಾಡಬಹುದು. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲುಗಳ ವಿಷಯವನ್ನೂ ಹೇಳಬೇಕು.

5. ಹಿಂದೆ ಅರಿವಳಿಕೆ ಕೊಟ್ಟಾಗ ತೊಂದರೆಯಾಗಿದ್ದರೆ, ಉಬ್ಬಸ, ಎದೆನೋವು, ಪಾರ್ಶ್ವವಾಯು ಬಂದಿದ್ದರೆ ಹಳೆಯ ಕಾಗದಗಳೊಂದಿಗೆ ತಿಳಿಸಬೇಕು.

ಇನ್ನೊಂದು ಮಾತು. ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಬಂದವರ ರಕ್ತದೊತ್ತಡ 180/110ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ದಿನವನ್ನು ಮುಂದಕ್ಕೆ ಹಾಕುವುದುಂಟು. ರಜೆ ಹಾಕಿ, ಹಣ ಹೊಂದಿಸಿ, ಹೊಲಮನೆಯ ಕೆಲಸ ಬಿಟ್ಟು ಬಂದ ಬಂಧುಗಳಿಗೆ ಇದು ಬೇಸರ ತರುವುದು ಸಹಜ. ಆದರೆ ಹರ್ನಿಯಾ ಒಂದು ತಿಂಗಳು ಕಾಯಬಲ್ಲದು. ಮೆದುಳಿನಲ್ಲಿ ಒಡೆದ ರಕ್ತನಾಳವನ್ನು ಮೊದಲಿನಂತೆ ಮಾಡಲಾಗದು. ಹಾಗೆ ಮರಳಿ ಕಳುಹಿಸಿದಾಗ ಮನೆಗೆ ಹೋಗಿ ಸುಮ್ಮನಿರದೆ, ಹತ್ತಿರದ ವೈದ್ಯರಲ್ಲಿ ಔಷಧವನ್ನು ಸರಿಪಡಿಸಿಕೊಂಡು, ಒತ್ತಡವನ್ನು ಬರೆದಿಟ್ಟುಕೊಂಡು ಬರಬೇಕು.

ಸಿರಿಂಜಿನಲ್ಲಿ ಎಷ್ಟೇ ಉತ್ತಮ ಔಷಧ ತುಂಬಿದ್ದರೂ ಅದು ಯಾರಿಗೆ ಹಿತ, ಯಾರಿಗೆ ಅಹಿತ ಎಂಬುದನ್ನು ನಾವು ತೀರ್ಮಾನಿಸುವುದು ರೋಗಿಯೂ ಮನೆಯವರೂ ಹೇಳಿದ ಮಾತಿನ ಆಧಾರದಿಂದ. ಅರಿವಳಿಕೆ ವೈದ್ಯರು ಶಸ್ತ್ರಚಿಕಿತ್ಸೆಯ ಮೊದಲು ಹಾಸಿಗೆಯ ಬಳಿ ಬಂದು ಪ್ರಶ್ನೆಗಳನ್ನು ಕೇಳಿದಾಗ, ಅದನ್ನು ಕಾಗದ ತುಂಬುವ ಶಾಸ್ತ್ರವೆಂದು ಬಗೆಯದೆ, ಮನೆಯಲ್ಲಿ ಮಾತ್ರೆ ಕೊಡುವವರು ಯಾರೋ ಅವರೇ ಮುಂದೆ ನಿಂತು ಉತ್ತರಿಸಬೇಕೆಂದು ನಾವು ವಿನಂತಿಸುತ್ತೇವೆ.